ಗುರುಬಲ ಬಂದಿದೆಯಂತೆ, ಮಗಳು ಗುರುವಿನ ಚಂದ್ರನ ಹಿಂದೆ ಹೋಗಿದ್ದಾಳೆ

ಮೇಡಂ,

ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯವಳು. ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ. ಒಬ್ಬಳೇ ಮಗಳು, ಈಗ 26 ವರ್ಷ. ಮೈಸೂರಿನಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಮಾಡಿ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಒಂದೂವರೆ ವರ್ಷ ಕೆಲಸದಲ್ಲಿದ್ದಳು. ಸಂಬಳ ಚೆನ್ನಾಗಿತ್ತು. ಅದನ್ನು ಬಿಟ್ಟು ನೆಟ್ ಪರೀಕ್ಷೆ ಬರೆದು, ಜೆಆರ್‌ಎಫ್ ತೆಗೆದುಕೊಂಡು, ಕಳೆದ ವರ್ಷ ಹೊರರಾಜ್ಯದ ಒಂದು ಸಂಸ್ಥೆಗೆ ಪಿಎಚ್.ಡಿ.ಗೆ ಸೇರಿದಳು. ವಿಷಯ ಏನೆಂದು ಕೇಳಿದರೆ ಗುರುಗ್ರಹದ ಕಾಂತಗೋಳ, ಅದರ ಚಂದ್ರಗಳಲ್ಲಿ ಜೀವಕ್ಕೆ ಅನುಕೂಲ ಇದೆಯೇ ಅನ್ನುವುದು ಅಂತಾಳೆ.

ನಮ್ಮ ಜೋಯಿಸರು ಈ ವರ್ಷ ಅವಳಿಗೆ ಗುರುಬಲ ಬಂದಿದೆ, ಮದುವೆ ಮುಗಿಸಿಬಿಡಿ ಅಂತಿದ್ದಾರೆ. ಅವಳಿಗೆ ಹೇಳಿದರೆ "ಗುರುಬಲ ಇದ್ದಿದ್ದಕ್ಕೇ ಅಮ್ಮ ಈ ಸೀಟು ಸಿಕ್ಕಿದ್ದು" ಅಂತ ನಗುತ್ತಾಳೆ. ಯುರೋಪಿನವರು ಕಳಿಸಿದ ನೌಕೆ ಗುರುವನ್ನು ತಲುಪುವುದು 2031ಕ್ಕಂತೆ, ಗ್ಯಾನಿಮೀಡ್ ಅನ್ನುವ ಚಂದ್ರನ ಸುತ್ತ ಸುತ್ತಲು ಶುರು ಮಾಡುವುದು 2034ರ ಕೊನೆಗಂತೆ. ಅಲ್ಲಿಯವರೆಗೆ ಇವಳು ಏನನ್ನು ನೋಡಿ ಏನು ಬರೆಯುತ್ತಾಳೆ? ಮದುವೆಮನೆಯಲ್ಲಿ ಯಾರಾದರೂ ಕೇಳಿದಾಗ ಹೇಳಿದರೆ "ಅಲ್ಲಿ ಸೈಟು ಹಂಚ್ತಾರಂತಾ?" ಅಂತ ನಗುತ್ತಾರೆ. ನಮ್ಮ ಯಜಮಾನರಿಗೆ ಈ ವರ್ಷ ತೋಟದಲ್ಲಿ ಎರಡು ಬೋರು ಫೇಲಾಗಿ ಮೊದಲೇ ಬೇಜಾರು. ಮಗಳ ವಿಷಯ ಎತ್ತಿದರೆ ಎದ್ದು ಹೋಗುತ್ತಾರೆ. ಇದನ್ನು ಓದಿದವರಿಗೆ ಮುಂದೆ ಕೆಲಸ ಸಿಗುತ್ತದಾ? ಮದುವೆಗೆ ಒತ್ತಾಯ ಮಾಡಬೇಕಾ, ಬಿಡಬೇಕಾ?

ಇನ್ನೊಂದು. ಮೊನ್ನೆ ಫೋನಿನಲ್ಲಿ "ಅಮ್ಮ, ನಾನು ತಪ್ಪು ವಿಷಯ ತಗೊಂಡೆನಾ" ಅಂದಳು. ನಾನು ಏನಾದರೂ ಹೇಳುವುದರೊಳಗೆ ನೆಟ್‌ವರ್ಕ್ ಇಲ್ಲ ಅಂತ ಇಟ್ಟುಬಿಟ್ಟಳು.

– ಹೆಸರು ಬೇಡ, ಸಾಗರ ತಾಲ್ಲೂಕು

ಪ್ರಿಯ ಸೋದರಿ,

ಗುರುಬಲದ ಬಗ್ಗೆ ನಿಮ್ಮ ಮಗಳು ಕೊಟ್ಟ ಉತ್ತರ ಓದಿ ಒಬ್ಬಳೇ ಕೂತು ನಕ್ಕೆ. ಆಮೇಲೆ ಕೊನೆಯ ಸಾಲುಗಳಿಗೆ ಬಂದೆ. ಇಡೀ ಕಾಗದದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ನೀವು "ಇನ್ನೊಂದು" ಅಂತ ತುದಿಯಲ್ಲಿ ಸೇರಿಸಿದ ಆ ಮಾತು. ಅಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು ಅವಳು ಮಾಡುತ್ತಿರುವ ಕೆಲಸ ಏನೆಂದು ನಿಮಗೆ ಗೊತ್ತಾಗಬೇಕು. ಗೊತ್ತಿಲ್ಲದೆ ಸಮಾಧಾನ ಹೇಳಿದರೆ ಅವಳಿಗೆ ತಟ್ಟುವುದಿಲ್ಲ. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿದವಳು, ಸ್ವಲ್ಪ ಪಾಠದ ವಾಸನೆ ಬಂದರೆ ಸಹಿಸಿಕೊಳ್ಳಿ.

ನೌಕೆ ತಲುಪುವವರೆಗೆ ಅವಳು ಕೈಕಟ್ಟಿ ಕೂರಬೇಕು ಅಂದುಕೊಂಡಿದ್ದೀರಿ. ನೀವು ಹೇಳುವ ನೌಕೆ ಜೂಸ್. 2023ರ ಏಪ್ರಿಲ್ 14ರಂದು ಹೊರಟಿತು, 2031ರ ಜುಲೈಗೆ ತಲುಪಬೇಕು. ಎಂಟು ವರ್ಷ ದಾಟುತ್ತದೆ, ಸಾಡೇಸಾತಿಗಿಂತ ಉದ್ದ! ಅಮೆರಿಕದ ಯುರೋಪಾ ಕ್ಲಿಪ್ಪರ್ 2024ರ ಅಕ್ಟೋಬರಿನಲ್ಲಿ ಹೊರಟರೂ 2030ಕ್ಕೇ ಮುಟ್ಟುತ್ತದೆ. ಆದರೆ ಥೀಸಿಸ್ ನೌಕೆಗಾಗಿ ಕಾಯುವುದಿಲ್ಲ. ನಿಮ್ಮ ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ಲೆಕ್ಕದ ಪುಸ್ತಕಗಳಿರುತ್ತವಲ್ಲ, ಗುರುವಿನ ವಿಷಯದಲ್ಲೂ ಅಂಥ ಅಟ್ಟವೊಂದಿದೆ. ಗೆಲಿಲಿಯೊ ಎಂಬ ನೌಕೆ 1995ರಿಂದ 2003ರವರೆಗೆ ಗುರುವನ್ನು ಸುತ್ತಿ ಕಳಿಸಿದ ಅಳತೆಗಳೆಲ್ಲ ಯಾರು ಬೇಕಾದರೂ ತೆಗೆದು ನೋಡುವಂತೆ ಇಟ್ಟಿದ್ದಾರೆ. 1997ರ ಡಿಸೆಂಬರ್ 16ರಂದು ಆ ನೌಕೆ ಯುರೋಪಾ ಎಂಬ ಚಂದ್ರನ ತೀರಾ ಹತ್ತಿರ, ಸುಮಾರು 200 ಕಿಲೋಮೀಟರ್ ಮೇಲೆ ಹಾದುಹೋಗುವಾಗ ಕಾಂತದ ಅಳತೆ ಕೆಲವೇ ನಿಮಿಷ ಏರುಪೇರಾಗಿತ್ತು. ಅದರ ಅರ್ಥ ಆಗ ಯಾರಿಗೂ ಹೊಳೆಯಲಿಲ್ಲ. ಮಿಶಿಗನ್ ವಿಶ್ವವಿದ್ಯಾಲಯದ ಶಿಯಾಂಜೆ ಜಿಯಾ ಮತ್ತು ಸಂಗಡಿಗರು ಅದೇ ಹಳೆಯ ಅಂಕಿಗಳನ್ನು ಕಂಪ್ಯೂಟರ್ ಲೆಕ್ಕದೊಂದಿಗೆ ಹೋಲಿಸಿ, ನೌಕೆ ಯುರೋಪಾದಿಂದ ಚಿಮ್ಮಿದ ನೀರಾವಿಯ ಬುಗ್ಗೆಯೊಳಗೇ ಹಾದುಹೋಗಿರಬೇಕು ಎಂದು ಬರೆದದ್ದು 2018ರಲ್ಲಿ. ಇಪ್ಪತ್ತು ವರ್ಷ ಅಟ್ಟದಲ್ಲಿದ್ದ ಲೆಕ್ಕ. ನಿಮ್ಮ ಮಗಳು ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದರೆ ಹೆಚ್ಚುಕಡಿಮೆ ಇಂಥದ್ದೇ ಕೆಲಸದಲ್ಲಿರುತ್ತಾಳೆ.

ಕಾಂತಕ್ಕೂ ಜೀವಕ್ಕೂ ಏನು ಸಂಬಂಧ ಅನ್ನುತ್ತೀರಿ. ಅಡುಗೆಮನೆಗೆ ಬನ್ನಿ. ಇಂಡಕ್ಷನ್ ಒಲೆ ನೋಡಿದ್ದೀರಿ. ಅದರ ಮೇಲೆ ಮಣ್ಣಿನ ಗಡಿಗೆ ಇಟ್ಟರೆ ಅದು ಜಪ್ಪಯ್ಯ ಅಂದರೂ ಕಾಯುವುದಿಲ್ಲ. ಆ ಒಲೆಗೆಂದೇ ತಂದ ಸ್ಟೀಲ್ ಪಾತ್ರೆ ಇಟ್ಟರೆ ತಳ ತಾನೇ ಕಾಯುತ್ತದೆ. ಒಲೆಯೊಳಗಿನ ಕಾಂತಕ್ಷೇತ್ರ ಬಿಡದೆ ಬದಲಾಗುತ್ತ ಪಾತ್ರೆಯ ತಳದಲ್ಲಿ ವಿದ್ಯುತ್ ಹರಿಸುತ್ತದೆ, ಅಷ್ಟೇ ಗುಟ್ಟು. ಗುರುಗ್ರಹ ಅಂಥ ಒಂದು ಭಾರೀ ಒಲೆ. ಹತ್ತು ಗಂಟೆಗೊಮ್ಮೆ ತನ್ನ ಸುತ್ತ ತಾನು ತಿರುಗುತ್ತದೆ, ಅದರ ಕಾಂತದ ಅಕ್ಷ ಸುಮಾರು 10 ಡಿಗ್ರಿ ವಾಲಿದೆ. ಹಾಗಾಗಿ ಯುರೋಪಾದ ಮೇಲೆ ಬೀಳುವ ಕಾಂತಕ್ಷೇತ್ರ ಸುಮಾರು 11 ಗಂಟೆಗೊಂದು ಸಲ ಅತ್ತಿತ್ತ ತೂಗುತ್ತಿರುತ್ತದೆ. ಮಂಜುಗಡ್ಡೆ ಮಣ್ಣಿನ ಗಡಿಗೆಯ ಜಾತಿ, ಸ್ಪಂದಿಸುವುದಿಲ್ಲ. ಅಡಿಯಲ್ಲಿ ಉಪ್ಪುನೀರಿನ ಸಮುದ್ರ ಇದ್ದರೆ ಅದರಲ್ಲಿ ವಿದ್ಯುತ್ ಹರಿದು, ಗುರುವಿಗೆ ಎದುರು ನಿಲ್ಲುವ ಒಂದು ಸಣ್ಣ ಕಾಂತಕ್ಷೇತ್ರ ಹುಟ್ಟುತ್ತದೆ. ಪಕ್ಕದಲ್ಲಿ ಹಾದುಹೋಗುವ ನೌಕೆಯ ಮ್ಯಾಗ್ನೆಟೋಮೀಟರ್ ಅದನ್ನು ಹಿಡಿಯುತ್ತದೆ.

ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾರ್ಗರೆಟ್ ಕಿವೆಲ್ಸನ್ ಎಂಬ ವಿಜ್ಞಾನಿಯ ತಂಡ ಇದನ್ನು ಪಂಥ ಕಟ್ಟಿದ ಹಾಗೆ ಪರೀಕ್ಷಿಸಿತು. ಯುರೋಪಾದ ಕಾಂತ ಅದರ ಸ್ವಂತದ್ದಾದರೆ ದಿಕ್ಕು ಯಾವಾಗಲೂ ಒಂದೇ ಇರಬೇಕು. ಸಮುದ್ರದಿಂದ ಹುಟ್ಟಿದ್ದಾದರೆ ಗುರುವಿನ ಕ್ಷೇತ್ರ ತಿರುಗಿದಾಗ ಅದೂ ತಿರುಗಬೇಕು. 2000ದ ಜನವರಿ 3ರಂದು, ಗುರುವಿನ ಕ್ಷೇತ್ರ ಉಲ್ಟಾ ಇರುವ ಹೊತ್ತು ಸಾಧಿಸಿ, ಗೆಲಿಲಿಯೊ ಪಕ್ಕದಲ್ಲಿ ಹಾದುಹೋಯಿತು. ದಿಕ್ಕು ತಿರುಗಿತ್ತು. ಮೈಲುಗಟ್ಟಲೆ ದಪ್ಪದ ಮಂಜುಗಡ್ಡೆಯ ಕೆಳಗೆ ಉಪ್ಪುನೀರಿದೆ ಎಂದು ಹೇಳಿದವರು ಆ ಮಂಜನ್ನು ಮುಟ್ಟಿಯೂ ಇರಲಿಲ್ಲ. ಭೂಮಿಯ ಎಲ್ಲ ಸಮುದ್ರ ಸೇರಿಸಿದರೆ ಆಗುವುದಕ್ಕಿಂತ ಹೆಚ್ಚು ನೀರು ಅಲ್ಲಿದೆ ಅನ್ನುವುದು ಈಗಿನ ಅಂದಾಜು.

ಇಲ್ಲಿ ನಿಮ್ಮ ಯಜಮಾನರನ್ನು ಕರೆಯಿರಿ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟದಲ್ಲಿ ನಡೆದು ಬೋರಿಗೆ ಪಾಯಿಂಟ್ ಹೇಳುವವರನ್ನು ಅವರು ಎರಡು ಸಲವಾದರೂ ಕರೆಸಿರುತ್ತಾರೆ, ದುಡ್ಡೂ ಕೊಟ್ಟಿರುತ್ತಾರೆ. ಮಗಳು 60 ಕೋಟಿ ಕಿಲೋಮೀಟರ್ ಆಚೆಯ ಚಂದ್ರನಲ್ಲಿ ನೀರಿನ ಪಾಯಿಂಟ್ ನೋಡುವ ವಿದ್ಯೆ ಕಲಿಯುತ್ತಿದ್ದಾಳೆ, ಕೈಯಲ್ಲಿ ತೆಂಗಿನಕಾಯಿ ಬದಲು ಕಾಂತದ ಅಳತೆ ಇದೆ ಅಂತ ಹೇಳಿ. ಮದುವೆಮನೆಯ ಸೈಟಿನ ಜೋಕಿಗೂ ಇದೇ ಉತ್ತರ ಸಾಕು. ಅಲ್ಲಿ ಮನೆ ಕಟ್ಟುವ ಮಾತನ್ನು ಈ ವಿಷಯದವರು ಆಡುವುದೇ ಇಲ್ಲ. ಯುರೋಪಾದ ಮೇಲೆ ರಕ್ಷಣೆ ಇಲ್ಲದೆ ಒಂದು ದಿನ ನಿಂತರೆ ವಿಕಿರಣಕ್ಕೇ ಮನುಷ್ಯ ಸಾಯುತ್ತಾನೆ.

ಆ ವಿಕಿರಣವೇ ಈ ವಿಷಯದ ರುಚಿ. ಭೂಮಿಯ ಕಾಂತಗೋಳ ನಮಗೆ ಕೊಡೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಗುರುವಿನದು ಎಷ್ಟು ದೊಡ್ಡದೆಂದರೆ, ಕಣ್ಣಿಗೆ ಕಾಣುವಂತಿದ್ದರೆ ಇಲ್ಲಿಂದ ಹುಣ್ಣಿಮೆ ಚಂದ್ರನಿಗಿಂತ ದೊಡ್ಡದಾಗಿ ತೋರುತ್ತಿತ್ತು. ಆದರೆ ಅದರೊಳಗೆ ಕೂತ ಚಂದ್ರಗಳಿಗೆ ಅದು ಕೊಡೆಯೋ, ಕಾದ ಬಾಣಲೆಯೋ ಎಂಬುದು ಸುಲಭಕ್ಕೆ ಬಗೆಹರಿಯುವುದಿಲ್ಲ. ಅಯೊ ಎಂಬ ಚಂದ್ರನ ಜ್ವಾಲಾಮುಖಿಗಳಿಂದ ಸೆಕೆಂಡಿಗೆ ಸುಮಾರು ಒಂದು ಟನ್ ಸರಕು ಆ ಕಾಂತಗೋಳಕ್ಕೆ ಸೇರುತ್ತದೆ. ಗುರುವಿನ ಕಾಂತ ಅದನ್ನು ಹಿಡಿದು ಗರಗರ ತಿರುಗಿಸುತ್ತ ಯುರೋಪಾದ ಬೆನ್ನಿಗೆ ಬಡಿಯುತ್ತದೆ. ಹಿಂದಿನಿಂದಲೇ ಬಡಿಯುವುದು, ಯಾಕೆಂದರೆ ಯುರೋಪಾ ಗುರುವನ್ನು ಸುತ್ತಲು ಮೂರೂವರೆ ದಿನ ತೆಗೆದುಕೊಂಡರೆ ಗುರುವಿನ ಕಾಂತಕ್ಷೇತ್ರಕ್ಕೆ ಹತ್ತೇ ಗಂಟೆ. ಜೀವಕ್ಕೆ ಇದು ಶತ್ರು ಅನ್ನೋಣವೇ? ಅದೇ ಹೊಡೆತಕ್ಕೆ ಮಂಜುಗಡ್ಡೆ ಒಡೆದು ಆಮ್ಲಜನಕ ಬಿಡುಗಡೆಯಾಗುತ್ತದೆ. ಜುನೊ ಎಂಬ ಇನ್ನೊಂದು ನೌಕೆಯ ಅಳತೆಯಿಂದ 2024ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಸೆಕೆಂಡಿಗೆ ಸುಮಾರು 12 ಕಿಲೋ. ಅದರಲ್ಲಿ ಒಂದಿಷ್ಟು ಕೆಳಗಿನ ಸಮುದ್ರಕ್ಕೆ ಇಳಿದರೆ ಅಲ್ಲಿಯ ಜೀವಿಗಳಿಗೆ, ಇದ್ದರೆ, ಅದೇ ಉಸಿರಾದೀತು. ಶತ್ರುವೇ ಅನ್ನದಾತ. ಇನ್ನು ಗ್ಯಾನಿಮೀಡ್. ಬುಧಗ್ರಹಕ್ಕಿಂತ ದೊಡ್ಡದಾದ ಈ ಚಂದ್ರನಿಗೆ ತನ್ನದೇ ಕಾಂತಗೋಳ ಉಂಟು ಎಂದು ಗೆಲಿಲಿಯೊ ಪತ್ತೆ ಮಾಡಿದ್ದು 1996ರಲ್ಲಿ. ಕೋಟೆಯೊಳಗೊಂದು ಕೋಟೆ. ಸೌರಮಂಡಲದಲ್ಲಿ ನಮಗೆ ಗೊತ್ತಿರುವ ಇಂಥ ಚಂದ್ರ ಇದೊಂದೇ. ಜೂಸ್ ಹೋಗುತ್ತಿರುವುದು ಅದಕ್ಕೇ.

ಪಾಠ ಸಾಕು. ಅವಳ ಮಾತಿಗೆ ಬರೋಣ.

"ತಪ್ಪು ವಿಷಯ ತಗೊಂಡೆನಾ" ಎಂಬ ಪ್ರಶ್ನೆಯನ್ನು ಪಿಎಚ್.ಡಿ.ಯ ಮೊದಲೆರಡು ವರ್ಷದಲ್ಲಿ ಕೇಳಿಕೊಳ್ಳದವರನ್ನು ನಾನು ಕಂಡಿಲ್ಲ. ಎಂ.ಎಸ್ಸಿ.ಯವರೆಗೆ ಪ್ರತಿ ಪ್ರಶ್ನೆಗೂ ಪುಸ್ತಕದ ಹಿಂದೆ ಉತ್ತರ ಇರುತ್ತದೆ. ಇಲ್ಲಿ ಇರುವುದಿಲ್ಲ. ಬರೆದ ಪ್ರೋಗ್ರಾಮ್ ಓಡುವುದಿಲ್ಲ. ಓಡಿದರೆ ಗುರುವಿನ ಕಾಂತಗೋಳ ಪರದೆಯ ಮೇಲೆ ಸಿಡಿದು ಚೂರಾಗುತ್ತದೆ. ಯಾಕೆಂದು ಹುಡುಕಿದರೆ ಮೂರು ವಾರದ ಮೇಲೆ ಎಲ್ಲೋ ಒಂದು ಮೈನಸ್ ಚಿಹ್ನೆ ಬಿಟ್ಟುಹೋಗಿರುತ್ತದೆ. ತರಗತಿಗೆ ಮೊದಲು ಬರುತ್ತಿದ್ದ ಮಕ್ಕಳಿಗೆ ಇದನ್ನು ಸಹಿಸುವುದು ಹೆಚ್ಚು ಕಷ್ಟ. ಇಷ್ಟೇ ಆಗಿದ್ದರೆ ಹೆದರಬೇಡಿ, ಇದು ಆ ದಾರಿಯ ಧೂಳು.

ಆದರೆ ಇಷ್ಟೇನಾ ಎಂದು ತಿಳಿಯಬೇಕು. ನನ್ನ ಕಥೆ ಹೇಳುತ್ತೇನೆ. ನಾನೂ ಪಿಎಚ್.ಡಿ.ಗೆ ಸೇರಿದ್ದೆ. ಹರಳುಗಳ ಬಗ್ಗೆ, ಒಳ್ಳೆಯ ವಿಷಯ. ಎರಡನೆಯ ಅಧ್ಯಾಯ ಬರೆದು ಗೈಡ್ ಕೈಗೆ ಕೊಟ್ಟೆ. ಎಂಟು ತಿಂಗಳು ಅದು ಅವರ ಬೀರುವಿನಲ್ಲಿತ್ತು. ಮೇಲೆ ಎಂ.ಎಸ್ಸಿ. ಉತ್ತರಪತ್ರಿಕೆಗಳ ಕಟ್ಟು, ಅದರ ಮೇಲೆ ಒಂದು ಛತ್ರಿ. ಬೀರು ಅರ್ಧ ತೆರೆದಿದ್ದಾಗಲೆಲ್ಲ ನನಗೆ ನನ್ನ ಫೈಲಿನ ನೀಲಿ ದಾರ ಕಾಣುತ್ತಿತ್ತು. ಕೇಳಲು ಧೈರ್ಯವಿರಲಿಲ್ಲ. ಮನೆಯಲ್ಲಿ ನಾನೂ "ವಿಷಯವೇ ಸರಿಯಿಲ್ಲ" ಎಂದೆ. ಕಾಲೇಜಿನಲ್ಲಿ ಕೆಲಸ ಸಿಕ್ಕಿದ ಕೂಡಲೇ ಬಿಟ್ಟುಬಿಟ್ಟೆ. ವಿಷಯ ಸರಿಯಾಗಿಯೇ ಇತ್ತು ಎಂದು ಒಪ್ಪಿಕೊಳ್ಳಲು ನನಗೆ ಹದಿನೈದು ವರ್ಷ ಬೇಕಾಯಿತು.

ಆದ್ದರಿಂದ ನನ್ನ ತೀರ್ಮಾನ ಕೇಳಿ. ಪಿಎಚ್.ಡಿ. ಮುಳುಗುವುದು ವಿಷಯದಿಂದ ಅಲ್ಲ, ಗೈಡಿನಿಂದ, ದುಡ್ಡಿನಿಂದ, ಒಂಟಿತನದಿಂದ. ಮುಂದಿನ ಸಲ ಮಾತಾಡುವಾಗ ಜೀವ ಸಿಕ್ಕಿತಾ, ಮದುವೆ ಯಾವಾಗ ಎಂದು ಕೇಳಬೇಡಿ. ಗೈಡ್ ವಾರಕ್ಕೆ ಎಷ್ಟು ಸಲ ಕೂರಿಸಿಕೊಂಡು ಮಾತಾಡುತ್ತಾರೆ ಎಂದು ಕೇಳಿ. ವಾರಕ್ಕೊಮ್ಮೆ ಅಂದರೆ ಒಳ್ಳೆಯದು, "ಅವರು ತುಂಬಾ ಬಿಜಿ" ಅಂದರೆ ಕಿವಿ ನಿಮಿರಬೇಕು. ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ಪ್ರಗತಿ ಒಪ್ಪಿಸಬೇಕೆಂಬ ನಿಯಮವಿದೆ, ಮೊದಲ ಸಲ ಏನೆಂದರು ಎಂದು ಕೇಳಿ. ಗೈಡ್ ಕೈಗೆ ಸಿಗದಿದ್ದರೆ ದೂರುವ ಜಾಗ ಆ ಸಮಿತಿಯೇ. ರಾತ್ರಿ ಊಟಕ್ಕೆ ಯಾರ ಜೊತೆ ಹೋಗುತ್ತಾಳೆ ಎಂದೂ ಕೇಳಿ. ಒಬ್ಬಳೇ ಅಂದರೆ ಆ ತಿಂಗಳು ನೀವೇ ಒಮ್ಮೆ ಹೋಗಿಬನ್ನಿ, ತೋಟ ಓಡಿಹೋಗುವುದಿಲ್ಲ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಅಳು ನಿಲ್ಲುತ್ತಿಲ್ಲ ಎಂದು ಕಂಡರೆ ಮಾತ್ರ ತಡಮಾಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ. ನೀವೂ ಮಾಡಬಹುದು.

ಕೆಲಸದ ಬಗ್ಗೆ ಬೆಣ್ಣೆ ಹಚ್ಚಿ ಹೇಳಲಾರೆ. ಗುರುವಿನ ಚಂದ್ರ ಗೊತ್ತಿರುವವರು ಬೇಕಾಗಿದ್ದಾರೆ ಎಂದು ಯಾವ ಪೇಪರಿನಲ್ಲೂ ಜಾಹೀರಾತು ಬರುವುದಿಲ್ಲ. ಪಿಎಚ್.ಡಿ. ಆದ ಮೇಲೆ ಎರಡು ಮೂರು ವರ್ಷಕ್ಕೊಂದು ದೇಶದಂತೆ ಪೋಸ್ಟ್‌ಡಾಕ್ ಮಾಡಬೇಕಾದೀತು, ಕಾಯಂ ಹುದ್ದೆಗಳು ಕಡಿಮೆ. ಆದರೆ ಅವಳು ಕಲಿಯುತ್ತಿರುವ ಕಾಂತದ ವಿದ್ಯೆ ಭೂಮಿಗೂ ಬೇಕು. 2022ರ ಫೆಬ್ರುವರಿಯಲ್ಲಿ ಒಂದು ಕಾಂತ ಬಿರುಗಾಳಿಗೆ ಸಿಕ್ಕಿ, ಆಗಷ್ಟೇ ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ನಾಶವಾದವು. ಅಂಥ ಬಿರುಗಾಳಿಯ ಸುಳಿವು ಹಿಡಿಯುವ ನಮ್ಮ ಆದಿತ್ಯ ಎಲ್1 ನೌಕೆಯಲ್ಲಿರುವ ಮ್ಯಾಗ್ನೆಟೋಮೀಟರ್ ತಯಾರಾದದ್ದು ಬೆಂಗಳೂರಿನಲ್ಲಿ. ಈ ವಿದ್ಯೆ ನಮ್ಮ ದೇಶಕ್ಕೆ ಹೊಸತೂ ಅಲ್ಲ. ಮುಂಬಯಿಯ ಕೊಲಾಬಾದಲ್ಲಿ ಭೂಮಿಯ ಕಾಂತವನ್ನು ಅಳೆಯುತ್ತಿದ್ದವರು, ಊರಿಗೆ ವಿದ್ಯುತ್ ಟ್ರಾಮ್ ಬಂದರೆ ಸೂಜಿ ಕದಡುತ್ತದೆಂದು 1904ರಲ್ಲಿ ಸಮುದ್ರದಾಚೆಯ ಅಲಿಬಾಗಿಗೆ ವೀಕ್ಷಣಾಲಯವನ್ನೇ ಸಾಗಿಸಿದರು. ಇವೆಲ್ಲ ಕೈಕೊಟ್ಟರೂ ಅವಳಿಗೆ ಸಾಫ್ಟ್‌ವೇರ್ ಬಾಗಿಲು ಮುಚ್ಚಿಲ್ಲ, ಹೋದಾಗಿನದಕ್ಕಿಂತ ದೊಡ್ಡ ಲೆಕ್ಕ ಮಾಡಬಲ್ಲವಳಾಗಿ ವಾಪಸಾಗುತ್ತಾಳೆ.

ಮದುವೆ. ಒತ್ತಾಯ ಬೇಡ. ಅವಳಿಗೇ ಮನಸ್ಸಿದ್ದರೆ ಪಿಎಚ್.ಡಿ. ಅಡ್ಡಿಯೂ ಅಲ್ಲ. ಯುಜಿಸಿ ನಿಯಮದಂತೆ ಮುಗಿಸಲು ಆರು ವರ್ಷದ ಗಡುವು. ಮರುನೋಂದಣಿ ಮಾಡಿಸಿದರೆ ಎರಡು ವರ್ಷ, ಹೆಣ್ಣುಮಕ್ಕಳಿಗೆ ಅದರ ಮೇಲೆ ಇನ್ನೂ ಎರಡು ವರ್ಷ ರಿಯಾಯಿತಿ ಕೊಡಬಹುದು. ಹೆರಿಗೆ, ಮಗುವಿನ ಆರೈಕೆಗೆ ಒಟ್ಟು 240 ದಿನಗಳವರೆಗೆ ರಜೆಗೆ ಅವಕಾಶವಿದೆ. ಆಗಲೇ ಹೇಳಿದ ಕಿವೆಲ್ಸನ್ 1957ರಲ್ಲಿ ಪಿಎಚ್.ಡಿ. ಪಡೆದವರು, ಮಕ್ಕಳನ್ನೂ ಸಾಕಿದವರು. ಅವರ ತಂಡಕ್ಕೆ ಗ್ಯಾನಿಮೀಡಿನ ಕಾಂತ ಸಿಕ್ಕಿದಾಗ ಅವರಿಗೆ ಅರವತ್ತೇಳು. ವಯಸ್ಸಿನ ಲೆಕ್ಕ ಹಾಕುವುದಾದರೆ ಅದನ್ನೂ ಜೊತೆಗೆ ಹಾಕಿ. ಗಂಡು ನೋಡಲು ಬಂದವರ ಮುಂದೆ ಮಾತ್ರ "ಬೇಕಾದರೆ ಬಿಡಿಸುತ್ತೇವೆ" ಎಂಬ ಮಾತು ನಿಮ್ಮ ಬಾಯಿಂದ ಬರಬಾರದು. ಜೋಯಿಸರಿಗೆ ಹೇಳಿ, ಗುರು ಹನ್ನೆರಡು ವರ್ಷಕ್ಕೊಂದು ಸುತ್ತು ಮುಗಿಸುತ್ತಾನೆ, ಬಲ ಮತ್ತೆ ಮತ್ತೆ ಬರುತ್ತದೆ.

ಕೊನೆಗೆ ದುಡ್ಡು. ಜೆಆರ್‌ಎಫ್‌ಗೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000, ಹಾಸ್ಟೆಲ್ ಇಲ್ಲದಿದ್ದರೆ ಮನೆಬಾಡಿಗೆ ಭತ್ಯೆ ಬೇರೆ. ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ ಎಷ್ಟೋ ಮಕ್ಕಳಿಗೆ ಈ ಹಣ ತಿಂಗಳುಗಟ್ಟಲೆ ತಡವಾಗಿ, ಒಟ್ಟಿಗೆ ಬರುತ್ತದೆ. ಅಲ್ಲಿಯವರೆಗೆ ಮೆಸ್ಸಿನ ಬಿಲ್ಲಿಗೆ ಗೆಳತಿಯರ ಹತ್ತಿರ ಕೈಸಾಲ. ಒಳ್ಳೆಯ ಸಂಬಳ ಬಿಟ್ಟು ಬಂದ ಹುಡುಗಿ ಮನೆಯಲ್ಲಿ ದುಡ್ಡು ಕೇಳುವುದಿಲ್ಲ, ಅದರಲ್ಲೂ ಎರಡು ಬೋರು ಫೇಲಾದ ವರ್ಷ. ಈ ತಿಂಗಳ ಫೆಲೋಶಿಪ್ ಬಂತಾ ಎಂದು ಇವತ್ತೇ ಕೇಳಿ. ಬಂದಿಲ್ಲ ಅಂದರೆ, ಅಥವಾ ಉತ್ತರ ಹೇಳದೆ ನೆಟ್‌ವರ್ಕ್ ಇಲ್ಲ ಅಂದರೆ, ಅಡಿಕೆ ದುಡ್ಡಿನಲ್ಲಿ ಒಂದು ಹತ್ತು ಸಾವಿರ ಅವಳ ಖಾತೆಗೆ ಹಾಕಿ. ಹಾಕುವುದು ನಿಮ್ಮ ಯಜಮಾನರ ಫೋನಿನಿಂದ ಆಗಲಿ.